ನಲವತ್ತೊಂದನೆಯ ಮೆಟ್ಟಿಲು

ಇಪ್ಪತ್ತೆರಡು ವರ್ಷ ಬಂಗುಡೆಯ ತಲೆ ಕಡಿದೆ
ವಾಲ್ಪರೈಸೊ ಬಂದರಿನ ಡಬ್ಬಿ ಕಾರ್ಖಾನೆಯಲ್ಲಿ,
ನಿಂತೇ, ಮಂಜುಗಡ್ಡೆ ಕರಗಿದ ನೀರಿನಲ್ಲಿ.
ಕಾರ್ಖಾನೆ ಮುಚ್ಚಿತು. ಸೊಂಟ ಮಾತ್ರ
ಇನ್ನೂ ಪಾಳಿಗೆ ಏಳುತ್ತದೆ
ಬೆಳಗಿನ ಜಾವ ನಾಲ್ಕಕ್ಕೆ, ಸೈರನ್ನಿಲ್ಲದೆ.

ಮಲಗಿಬಿಡು, ಅಂದಳು ಅತ್ತಿಗೆ.
ಮಲಗಿದೆ. ಎರಡು ಚಳಿಗಾಲ.
ಸೂರಿನ ಬಿರುಕು ಒಂದು ಗೇಣು ಬೆಳೆಯಿತು.
ಹಾಸಿಗೆ ನೋವಿಗೆ ಒಗ್ಗಿತು,
ನನಗೆ ಒಗ್ಗಲಿಲ್ಲ.

ಆಸ್ಪತ್ರೆಯ ಹುಡುಗ ಯೆರ್ಕೊ, ಮೀಸೆ ಈಗಷ್ಟೇ ಚಿಗುರಿದವನು,
ಬೆನ್ನು ಒತ್ತಿ ನೋಡಿ ಹೇಳಿದ:
"ಹೋಗುತ್ತದೆ ಅಂತ ಸುಳ್ಳು ಹೇಳಲಾರೆ, ದೋನ್ಯಾ ಎದುವಿಹಿಸ್.
ಮೆಟ್ಟಿಲು ಹತ್ತಿ. ದಿನಕ್ಕೆ ಹನ್ನೆರಡು.
ಕೆಟ್ಟ ದಿನವೂ ಹನ್ನೆರಡು,
ಒಳ್ಳೆಯ ದಿನವೂ ಹನ್ನೆರಡೇ."

ನಗು ಬಂತು. ನಮ್ಮ ಗುಡ್ಡದಲ್ಲಿ
ಬೇಕರಿಗೇ ಎಂಬತ್ತು ಮೆಟ್ಟಿಲು!
ನನ್ನ ಬ್ರೆಡ್ಡು ತರುವವನು ಪಕ್ಕದ ಮನೆಯ ಎಲಿಸಿಯೊ,
ದಿನಕ್ಕೊಂದು ನಾಣ್ಯ ಕಮಿಷನ್ನು.

ಮೊದಲ ವಾರ ಏಳಕ್ಕೇ ಬೆವರು.
ಬೀದಿನಾಯಿಯೊಂದು ನನ್ನ ಮುಂದೆ ಎರಡು ಮೆಟ್ಟಿಲು ಹತ್ತಿ,
ತಿರುಗಿ ನೋಡಿ, ಕಾದು,
ಬೇಸತ್ತು ಹೊರಟುಹೋಯಿತು.
ಸೋಮವಾರಕ್ಕೊಂದು ಕೂಡಿಸಿದೆ, ಸೀಮೆಸುಣ್ಣದ ಗೆರೆ.
ಮಳೆ ಅಳಿಸಿತು. ಮತ್ತೆ ಎಳೆದೆ.

ನಿನ್ನೆ ನಲವತ್ತೊಂದು.
ಗಾಳಿ ನಿಂತಿತ್ತು. ಸೊಂಟ ಸುಮ್ಮನಿತ್ತು,
ಎಣ್ಣೆ ಬಿಟ್ಟ ತಿರುಗಣಿಯ ಹಾಗೆ.
ಮೇಲಿನಿಂದ ಒಲೆಯ ವಾಸನೆ.
ಕಾಲು ಅಂದಿತು: ಹೋಗೋಣ ಬಾ, ಇನ್ನೇನು ಮೂವತ್ತೊಂಬತ್ತು.

ಇದೇ ಕಾಲಲ್ಲವೇ,
ಆ ಎರಡು ಚಳಿಗಾಲದ ನಡುವಿನ ಸೆಪ್ಟೆಂಬರ್ ಹಬ್ಬದಲ್ಲಿ
ಹೀಗೇ ಪುಸಲಾಯಿಸಿ, ಕರವಸ್ತ್ರ ಬೀಸಿಸಿ, ಕ್ವೆಕಾ ಕುಣಿಸಿ
ಹದಿನೇಳು ದಿನ ನನ್ನನ್ನು ಗೋಡೆ ಕಡೆ ತಿರುಗಿಸಿದ್ದು?

ಕೂತೆ.
ನಲವತ್ತೊಂದರ ಮೇಲೇ ಕೂತೆ, ಕಂಬಿ ಗಟ್ಟಿ ಹಿಡಿದು,
ಯಾರೋ ಎಳೆದೊಯ್ಯುತ್ತಾರೆ ಎಂಬಂತೆ.
ಹತ್ತುವುದು ಇಷ್ಟು ಕಷ್ಟವಿರಲಿಲ್ಲ.
ಈ ವ್ಯಾಯಾಮದ ಚಿತ್ರ
ಯೆರ್ಕೊ ಕೊಟ್ಟ ಹಾಳೆಯಲ್ಲಿಲ್ಲ.

ಎಲಿಸಿಯೊ ಇಳಿದು ಬಂದ, ಕಂಕುಳಲ್ಲಿ ಬಿಸಿ ಪೊಟ್ಟಣ.
"ಅರ್ಧ ದಾರಿ ನಾನೇ ಬಂದೆ, ಕಮಿಷನ್ನೂ ಅರ್ಧ" ಅಂದೆ.
ಗೊಣಗಿದ.
ಮರ್ರಕೇತಾದ ನಡುಗೆರೆ ಹಿಡಿದು ಮುರಿದು
ದೊಡ್ಡ ತುಂಡು ಅವನಿಗೇ ಕೊಟ್ಟೆ.

ಕೆಳಗೆ ಹಡಗೊಂದು ಲಂಗರು ಎತ್ತುತ್ತಿತ್ತು.
ಎದ್ದಾಗ ಸೊಂಟವೂ ಎದ್ದಿತು, ಗುರುತಿನವರಂತೆ.
ಬಾ, ಅಂದೆ,
ಇಳಿಯುವ ಲೆಕ್ಕ ನಾವಿನ್ನೂ ಶುರುಮಾಡಿಲ್ಲ.