ಅಂಗೈಗೆ ಕೇಳುವಷ್ಟು

ವೂಚ್ ಎಂದರೆ ನಮ್ಮ ಭಾಷೆಯಲ್ಲಿ ದೋಣಿ.
ನದಿಗಳನ್ನು ಗಿರಣಿ ಮಾಲೀಕರು ಎಂದೋ
ಕೊಳವೆಗೆ ತುರುಕಿ ರಸ್ತೆಯಡಿ ಹೂತರು.
ದೋಣಿ ಉಳಿಯಿತು, ಹೆಸರಿನಲ್ಲಿ.
ಕಾಣದೆ ಹರಿಯುವುದರ ಬಗ್ಗೆ
ನನಗೆ ಯಾರೂ ಪಾಠ ಹೇಳಬೇಕಿಲ್ಲ.

ಹದಿನಾರಕ್ಕೆ ಮಗ್ಗದ ಹಾಲಿಗೆ ಹೋದೆ.
ಇನ್ನೂರು ಮಗ್ಗ, ಒಂದೇ ಸೂರು.
ಪಕ್ಕದವಳ ತುಟಿ ಓದಿ ನಗುತ್ತಿದ್ದೆವು:
ಯಾರಿಗೆ ಮದುವೆ, ಯಾರಿಗೆ ದಿನ ತುಂಬಿದೆ,
ಯಾವ ಅಂಗಡಿಗೆ ಸಕ್ಕರೆ ಬಂದಿದೆ.
ಗಿರಣಿ ಮುಚ್ಚಿದ ದಿನ ಗೇಟಿನ ಬಳಿ
ಎಲ್ಲರ ಬಾಯಿ ಆಡುತ್ತಿತ್ತು, ದನಿಯಿಲ್ಲ.
ಮಗ್ಗ ನಿಂತಿತ್ತು. ನನ್ನ ಕಿವಿಯೂ.

ನೂಲು ಹೋಯಿತು, ತಾಮ್ರ ಬಂತು.
ಈಗ ಬಳೆಯಂಥ ಉಕ್ಕಿನ ಮೇಲೆ ತಂತಿ ಸುತ್ತುತ್ತೇನೆ,
ಲಾಳಿಯಲ್ಲೇ, ಹಳೆಯ ಅಭ್ಯಾಸ.
ಒಳಗೆ ಎಂಟುನೂರ ಎಪ್ಪತ್ತು ಸುತ್ತು, ಹೊರಗೆ ಐವತ್ತೆರಡು.
ಎಣಿಕೆ ತಪ್ಪಿದರೆ ಮೊದಲಿಂದ.

ಡಾಕ್ಟರು ಕ್ಸಾವೆರಿ, ಹಲ್ಲು ಕೊರೆಯುವವರು,
ಹೋದ ಚಳಿಗಾಲ ಒಂದು ಕರಿ ಅಡಾಪ್ಟರ್ ತಂದು
ಮೇಜಿನ ಮೇಲೆ ಸತ್ತ ಇಲಿಯಂತೆ ಇಟ್ಟರು.
"ನನ್ನ ಸಂಗೀತವನ್ನು ಕೊಳೆ ಮಾಡುತ್ತಿರುವುದು ಇದೇ."
ಸ್ಟ್ರೀಮರಿಗೆ ಹನ್ನೆರಡು ವೋಲ್ಟಿನ ಲೀನಿಯರ್ ಬೇಕು,
ಭಾರ ಇರಲಿ, ಬೆಲೆ ಇರಲಿ, ಗುಂಯ್‌ಗುಡಬಾರದು.
ಮಾಡಿಕೊಟ್ಟೆ. ನಾಲ್ಕು ಕಿಲೋ.
ತಿಂಗಳಿಗೆ ಮತ್ತೆ ಬಂದರು: ರೂಟರಿಗೊಂದು.
ಈಸ್ಟರ್ ಕಳೆದ ಮೇಲೆ ಸ್ವಿಚ್ಚಿಗೊಂದು.
ಒಂದು ಕೊಳೆ ತೊಳೆದರೆ ಅದರಡಿಯ ಕೊಳೆ ಕಾಣುತ್ತದಂತೆ.
ಗೊತ್ತು, ನಾನೂ ಅಡುಗೆಮನೆ ತೊಳೆದವಳು.

ಅಳಿಯ ಲೆಶೆಕ್ ಬೆರಳು ಮಡಚುತ್ತಾನೆ:
ಸೊನ್ನೆ, ಒಂದು, ಅಷ್ಟೇ.
ಬೆಳ್ಳಿಯ ತಂತಿಯಲ್ಲಿ ಮೆರವಣಿಗೆ ಹೋದರೂ ಸೊನ್ನೆ ಸೊನ್ನೆಯೇ.
ಸರಿಯಿರಬಹುದು, ಓದಿದವನು.
ಎಳೆ ಎಂದರೆ ಎಳೆ, ಎಲ್ಲವೂ ಒಂದೇ ಎಂದು
ನಮ್ಮ ಸೂಪರ್‌ವೈಸರೂ ಹೇಳುತ್ತಿದ್ದ.
ಗಂಟು ಯಾರ ಬೆರಳಿಗೆ ಸಿಗುತ್ತಿತ್ತು?

ಕೇಬಲ್ಲನ್ನೂ ನನ್ನಿಂದಲೇ ಹೆಣೆಸಿದರು.
ಬೆಳ್ಳಿಯ ನಾಲ್ಕೆಳೆ, ಮೊಳಕ್ಕೆ ಇಪ್ಪತ್ತೆರಡು ತಿರುವು.
ಮಗಳ ಜಡೆಯನ್ನು ಇಷ್ಟು ಬಿಗಿ ಹಿಡಿದಿದ್ದರೆ
ಅತ್ತು ಬೀದಿ ಸೇರುತ್ತಿದ್ದಳು.

ಪರೀಕ್ಷೆ ಮಾತ್ರ ನನ್ನದೇ ರೀತಿ.
ಕರೆಂಟ್ ಕೊಟ್ಟು ಪೆಟ್ಟಿಗೆಯ ಮೇಲೆ ಅಂಗೈ ಇಡುತ್ತೇನೆ.
ಸೆಕೆಂಡಿಗೆ ನೂರು ಸಲ ನಡುಗುತ್ತದೆ ಕೆಟ್ಟ ಸುತ್ತು,
ಮಲಗಿದ ಬೆಕ್ಕಿನ ಗಂಟಲಿನ ಹಾಗೆ.
ನಡುಗಿದರೆ ಬಿಚ್ಚು, ಮತ್ತೆ ಸುತ್ತು, ವಾರ್ನಿಶ್ ಕುಡಿಸು, ಒಣಗಿಸು.
ಕಿವಿಯಿದ್ದವರು ಮೀಟರ್ ಇಟ್ಟುಕೊಂಡಿದ್ದಾರೆ.
ಮೀಟರಿಗೆ ಸಿಗದ್ದು ನನ್ನ ಚರ್ಮಕ್ಕೆ ಸಿಕ್ಕಿದೆ, ಎರಡು ಸಲ.

ನಾಲ್ಕನೆಯದನ್ನು ನಾನೇ ಹೊತ್ತುಕೊಂಡು ಹೋದೆ,
ಡಾಕ್ಟರಿಗೆ ಬೆನ್ನುನೋವು.
ಬೀದಿ ಗೊತ್ತಿತ್ತು; ಗೇಟು ನೋಡಿ ಕಾಲು ನಿಂತಿತು.
ಗಿರಣಿಯನ್ನು ಮನೆಮನೆಯಾಗಿ ಕೊಯ್ದು ಮಾರಿದ್ದಾರೆ.
ಎರಡನೇ ಮಹಡಿ. ಇಟ್ಟಿಗೆ ಉಜ್ಜಿ ಕೆಂಪಾಗಿಸಿದ್ದಾರೆ,
ಎರಕದ ಕಂಬಗಳಿಗೆ ಬಿಳಿ ಬಣ್ಣ.
ಕಿಟಕಿಯಿಂದ ಎಣಿಸಿದೆ, ಏಳನೆಯದು.
ನನ್ನ ಮಗ್ಗ ನಿಂತಿದ್ದಲ್ಲಿ
ಅವರ ಎಡಗಡೆಯ ಸ್ಪೀಕರ್ ನಿಂತಿದೆ.

ಸೋಫಾದಲ್ಲಿ ಕೂತು ಕಣ್ಣು ಮುಚ್ಚಿದರು.
ಬಹಳ ಹೊತ್ತು. ಪಿಯಾನೊ ಇರಬೇಕು,
ಬೆರಳು ತೊಡೆಯ ಮೇಲೆ ಓಡುತ್ತಿತ್ತು.
ಆಮೇಲೆ ನನ್ನತ್ತ ತಿರುಗಿ, ನಾನು ಓದಲೆಂದು ನಿಧಾನವಾಗಿ:
"ಹಿಂದುಗಡೆ ಈಗ ಏನೂ ಇಲ್ಲ. ಬಾವಿಯಂಥ ಮೌನ.
ಗೆನೊವೆಫಾ ಅವರೇ, ಹೇಗೆ ಮಾಡಿದಿರಿ?"
ಕಣ್ಣಲ್ಲಿ ನೀರಿತ್ತು, ಪುಣ್ಯಾತ್ಮ.
"ಆರುನೂರು ಜ್ವೋತಿ ಬಾಕಿ" ಎಂದೆ.

ಹಣ ತರಲು ಒಳಗೆ ಹೋದರು.
ಪೆಟ್ಟಿಗೆಯ ಮೇಲೆ ಕೈಯಿಟ್ಟೆ: ಸುಮ್ಮನಿದೆ,
ಹಾಲು ಕುಡಿದು ಮಲಗಿದ ಹಾಗೆ.
ಹಾಗೇ ಏಳನೇ ಕಂಬದ ಮೇಲೂ ಇಟ್ಟೆ.
ಬಿಳಿ ಬಣ್ಣದಡಿ ಎಲ್ಲೋ, ಸಣ್ಣಗೆ,
ಅದು ಇನ್ನೂ ನಡುಗುತ್ತಿತ್ತು. ಇಲ್ಲವೆ ನನ್ನ ಕೈ.

ಡಾಕ್ಟರಿಗೆ ಹೇಳಲಿಲ್ಲ.
ಹೇಳಿದರೆ ಅದಕ್ಕೂ ಒಂದು ಪೆಟ್ಟಿಗೆ ಕೇಳುತ್ತಾರೆ.