ಎರಡು ಕಡ್ಡಿ

ಬನ್ನಿ, ಛತ್ರಿಯ ನೆರಳಿಗೆ ಬನ್ನಿ, ಆ ಕ್ರೇಟಿನ ಮೇಲೆ ಕೂತುಕೊಳ್ಳಿ.
ಸಿಮ್ಮು ಆಮೇಲೆ. ಮೊದಲು ಹೇಳಿ,
ರಾತ್ರಿ ಎಲ್ಲಿರುತ್ತೀರಿ?

ಈ ದಡದಲ್ಲಿ ಹಾಗೆ ಕೇಳಿದರೆ ಯಾರೂ ಬೇರೆ ಅರ್ಥ ಹಚ್ಚುವುದಿಲ್ಲ.
ಅರ್ಧ ಊರು ಇರುಳೆಲ್ಲ ನೀರ ಮೇಲೆ,
ದೀಪ ತೇಲಿಬಿಟ್ಟು ಒಮೆನಾ ಮೀನಿಗೆ ಕಾಯುತ್ತದೆ.
ಇನ್ನರ್ಧ ಊರು ಫೋನಿನ ಪಕ್ಕದಲ್ಲಿ ಮಲಗುತ್ತದೆ.

ಹಳದಿ ಕಂಪನಿಯವರು ಬಂದು ಗೋಡೆಗೋಡೆಗೆ ಬಣ್ಣ ಬಳಿದರು,
ನನ್ನ ಮನೆಯ ಹಿಂಗೋಡೆಗೂ. ಕಾಸು ಕೊಡಲಿಲ್ಲ, ಬಣ್ಣವೇನೋ ಗಟ್ಟಿ.
ಅವರ ಗೋಪುರ ಗುಡ್ಡದ ನೆತ್ತಿಯಲ್ಲಿದೆ.
ದೂರದ ಬೆಟ್ಟ ನುಣ್ಣಗೆ, ಹೌದು,
ಆದರೆ ಬೆಟ್ಟದ ಬೆನ್ನಿಗಿರುವ ಕೇರಿಯಲ್ಲಿ
ಮಾತು ಅನ್ನದೊಳಗಿನ ಕಲ್ಲಿನ ಹಾಗೆ ಕಟಕ್ಕೆನ್ನುತ್ತದೆ.

ನೇರಳೆ ಅಗ್ಗ. ರಾತ್ರಿಯಿಡೀ ಚೆಂಡಾಟ ನೋಡುವ ಹುಡುಗರಿಗೆ ಸರಿ.
ಬೆಳಿಗ್ಗೆ ಅವರೇ ಬಂದು ನನ್ನ ಹತ್ತಿರ ಸಾಲ ಕೇಳುತ್ತಾರೆ.
ಬಿಳಿಯದು ದುಬಾರಿ.
ಬಿಳಿಯದು ಆಳದ ನೀರಿಗೂ ಬರುತ್ತದೆ.

ಕಂಪನಿಯ ನಕ್ಷೆಯಲ್ಲಿ ಸರೋವರಕ್ಕೆಲ್ಲ ಬಣ್ಣ ತುಂಬಿದ್ದಾರೆ,
ಮೀನಿಗೂ ಫೋನು ಮಾಡಬಹುದು ಅನ್ನುವಂತೆ.
ನನ್ನ ನಕ್ಷೆ ಇಲ್ಲಿದೆ, ಸೋಪಿನ ಡಬ್ಬದ ರಟ್ಟಿನ ಮೇಲೆ,
ದೋಣಿಯವರು ಹೇಳಿದ್ದು, ನಾನು ಗೀಚಿದ್ದು:
ಕರಿಬಂಡೆ ದಾಟಿದರೆ ಹಳದಿ ಸತ್ತಿತು.
ಕೊಕ್ಕರೆಗಳ ನಡುಗಡ್ಡೆಯ ಹತ್ತಿರ ನೇರಳೆ ಒಮ್ಮೆ ಕಣ್ಣು ಬಿಡುತ್ತದೆ.
ಅದಕ್ಕೂ ಆಚೆ, ದೋಣಿಯನ್ನು ಗಾಳಿಗೆ ಬಿಟ್ಟರೆ
ಫೋನು ತಾನಾಗಿ ಟಿಂಗ್ ಎನ್ನುತ್ತದೆ:
ಉಗಾಂಡಾಕ್ಕೆ ಸುಸ್ವಾಗತ.
ಹೆಂಡತಿಯ ಜೊತೆ ಮೂರೇ ನಿಮಿಷ ಮಾತಾಡಿದ ಓಲ್ವಾಲನ
ವಾರದ ದುಡಿಮೆ ಆ ಸ್ವಾಗತಕ್ಕೆ ಹೋಯಿತು.
ಗಡಿ ನೀರಿಗೆ ಗೊತ್ತಿಲ್ಲ, ಬಿಲ್ಲಿಗೆ ಗೊತ್ತು.

ಮೊದಮೊದಲು ನಾನು ಏನೂ ಕೇಳುತ್ತಿರಲಿಲ್ಲ.
ಅಗ್ಗದ್ದು ಕೊಡು ಅಂದ ನ್ಯಾಂಗ್ವೆಸೊ, ಕೊಟ್ಟೆ.
ಅವನ ಎಂಜಿನ್ನು ಕೆಟ್ಟದ್ದು ಕರಿಬಂಡೆಯ ಆಚೆ.
ಎರಡು ರಾತ್ರಿ.
ಫೋನನ್ನು ಹುಟ್ಟುಗೋಲಿನ ತುದಿಗೆ ಕಟ್ಟಿ
ಆಕಾಶಕ್ಕೆ ಎತ್ತಿ ಹಿಡಿದಿದ್ದನಂತೆ, ಒಂದು ಕಡ್ಡಿಗಾಗಿ.
ಮೂರನೆಯ ದಿನ ಮರಳಿನ ದೋಣಿಯವರು ಎಳೆದು ತಂದರು.
ತುಟಿ ಒಡೆದಿತ್ತು. ನನ್ನನ್ನು ಬೈಯಲಿಲ್ಲ.
ಈ ಮೇಜಿನ ಮೇಲೆ ಸಿಮ್ಮು ಇಟ್ಟು, ನಲವತ್ತು ಶಿಲ್ಲಿಂಗ್ ಉಳಿದಿದೆ,
ಇನ್ನೊಂದಕ್ಕೆ ಹಾಕಿಕೊಡು, ಅಂದ.

ಅಂದಿನಿಂದ ಕೇಳುತ್ತೇನೆ.

ಸರಿ, ಗುರುತಿನ ಚೀಟಿ ಕೊಡಿ. ಕೆಮುಂಟೊ.
ಹೋ, ದವಾಖಾನೆಗೆ ಬಂದ ಹೊಸ ನರ್ಸಮ್ಮ ನೀವೇನಾ!
ಹಾಗಿದ್ದರೆ ಇಷ್ಟೂ ಹೊತ್ತು ನಾನು ಹೇಳಿದ್ದನ್ನು ಮರೆತುಬಿಡಿ.
ನಿಮಗೆ ಯಾವುದು ಹಿತವೋ ಅದಲ್ಲ ಮಾತು,
ನಿಮ್ಮನ್ನು ಕರೆಯುವವರ ಕೈಯಲ್ಲಿ ಯಾವುದಿದೆ ಅನ್ನುವುದು.
ಬೆಟ್ಟದ ಬೆನ್ನಿನ ಹೆಂಗಸರದೆಲ್ಲ ಹಳದಿ,
ಹಳದಿಯಿಂದ ಹಳದಿಗೆ ರಾತ್ರಿ ಹತ್ತರ ಮೇಲೆ ಕಾಸಿಲ್ಲ,
ಹೆರಿಗೆ ನೋವು ಕಾಣಿಸಿಕೊಳ್ಳುವುದೂ ಆ ಹೊತ್ತಿಗೇ.
ಮಿಸ್ಡ್ ಕಾಲ್ ಕೊಡುವಷ್ಟೂ ದುಡ್ಡಿಲ್ಲದವರಿದ್ದಾರೆ.
ಇನ್ನೊಂದು ತೂತಿಗೆ ಬಿಳಿಯದು ಹಾಕಿ,
ದೋಣಿ ಬೇಕಾದರೆ ದೋಣಿಯವರಿಗೆ ಮಾಡಲು.

ನನ್ನದಾ? ನಗಬೇಡಿ. ನೇರಳೆ.
ಸಂಜೆ ಆರಾದರೆ ನಮ್ಮ ಮನೆಯ ಒಳಗೆ ಅದು ಸಿಗುವುದಿಲ್ಲ.
ಮೈದುನ ಸಾಲ ಕೇಳಲು ಫೋನು ಮಾಡುವುದು ಆರೂಕಾಲಿಗೆ.

ಹೋಗಿ, ಮೀನು ಒಣಹಾಕಿದ ಬಲೆಗಳ ಆಚೆ,
ಆ ಚಪ್ಪಟೆ ಕಲ್ಲಿನ ಮೇಲೆ ನಿಲ್ಲಿ. ಎರಡು ಕಡ್ಡಿ ಬರುತ್ತದೆ.
ಸ್ವಲ್ಪ ಎಡಕ್ಕೆ. ಇನ್ನೂ. ಮೇಕೆಯನ್ನು ಓಡಿಸಿ.
ಈಗ ನನಗೇ ಮಾಡಿ ನೋಡಿ.

ಹಲೋ.
ಕೇಳಿಸುತ್ತಿದೆ, ಬಿಡಿ, ಇಲ್ಲಿಗೇ ಕೇಳಿಸುತ್ತಿದೆ,
ನೀವು ಅಷ್ಟು ಕೂಗಿದರೆ ಫೋನೇ ಬೇಕಿಲ್ಲ.