ಅರ್ಧ ಹೆಜ್ಜೆ

ಹತ್ತೊಂಬತ್ತು ವರ್ಷ ಹೋದೆ, ಮೊಂತೆವಿದೆಯೊ ಬಂದರಿನ ಹಿಂದಿನ ಆ ಮೈದಾನಕ್ಕೆ.
ಪತ್ರಕರ್ತರ ಮರದ ಗೂಡಿನಲ್ಲಿ
ಮೂರನೇ ಕುರ್ಚಿ ನನ್ನದು, ಒಂದು ಕಾಲು ಮೋಟು.
ಹೆಂಗಸರಿಗೆಂದು ಪಾಯಿಖಾನೆ ಇರಲಿಲ್ಲ;
ಮಧ್ಯಂತರದ ಹದಿನೈದು ನಿಮಿಷದಲ್ಲಿ
ಟಿಕೆಟ್ ಹರಿಯುವ ಓಫೆಲಿಯಾಳ ಮನೆಗೆ
ರಸ್ತೆ ದಾಟಿ ಓಡಿ ಬರುತ್ತಿದ್ದೆ.

'ನಿಮ್ಮ ಎಡಬದಿಯ ರಕ್ಷಕ ಯಾಕೆ ಅಷ್ಟು ಮುಂದೆ ನಿಲ್ಲುತ್ತಾನೆ?'
ಕೇಳಿದವಳು ನಾನು.
ಕೋಚ್ ಉತ್ತರ ಕೊಟ್ಟದ್ದು ಕ್ಯಾಮೆರಾ ಹಿಡಿದ ಹುಡುಗನಿಗೆ.
ಅವನಿಗೆ ಆಟದ ಗಂಧವಿಲ್ಲ, ಪಾಪ, ತಲೆಯಾಡಿಸಿದ.
ಮರುದಿನ ಅದನ್ನೇ ರೇಡಿಯೊದಲ್ಲಿ
ದಪ್ಪ ದನಿಯ ಲಿಸಾರ್ದೊ ಕೇಳಿದ.
ಅವನದು ವಿಶ್ಲೇಷಣೆ.
ನನ್ನದು ಕುತೂಹಲ.

ಆ ಎಡಬದಿಯವನೇ, ವಿಲ್ಮಾರ್ ಇತುರ್ರಿಯಾ,
ಸೋತ ಒಂದು ಜುಲೈ ರಾತ್ರಿ
ಕಣಕಾಲಿಗೆ ಮಂಜುಗಡ್ಡೆ ಕಟ್ಟಿಕೊಂಡು ಹೇಳಿದ:
'ನೆಲಿದಾ, ಮನೆಯಲ್ಲಿ ಒಬ್ಬನಿದ್ದಾನೆ. ಹಲ್ಲಿನ ಡಾಕ್ಟರು.
ಫುಟ್‌ಬಾಲ್ ಅಂದರೆ ಅವನಿಗೆ ಆಗುವುದಿಲ್ಲ.'
ನಕ್ಕ, ಎರಡನೆಯದನ್ನು ಒಪ್ಪಿಕೊಳ್ಳುವುದೇ ಕಷ್ಟವೆಂಬಂತೆ.
ನಾನು ಪೆನ್ನಿನ ಮುಚ್ಚಳ ಹಾಕಿದೆ.
ಟಿಕ್.
ಅದು ಅವನಿಗೂ ಕೇಳಿಸಿತು.

ನಾಲ್ಕು ವರ್ಷ ಅವನ ಎಡಗಾಲಿನ ಬಗ್ಗೆ ಬರೆದೆ,
ಹಳದಿ ಕಾರ್ಡುಗಳ ಬಗ್ಗೆ ಬರೆದೆ.
'ಇವಳಿಗೇ ಹೇಗೆ ಸಿಗುತ್ತವೆ ಅಷ್ಟು ಸಂದರ್ಶನ?'
ಗೂಡಿನಲ್ಲಿ ಕಣ್ಣು ಮಿಟುಕಿಸಿದರು.
ಹಾಸಿಗೆಯ ಲೆಕ್ಕ ಬಿಟ್ಟು ಬೇರೆ ಲೆಕ್ಕ ಬರುತ್ತಿರಲಿಲ್ಲ ಅವರಿಗೆ.

ಆಮೇಲೆ ಆ ಫೋಟೊ ಬಂತು.
ಬಾಲ್ಕನಿ, ಎರಡು ಲೋಟ,
ಒಬ್ಬನ ಅಂಗಿ ಇನ್ನೊಬ್ಬನ ಮೈಮೇಲೆ.
'ಬಲ್ಲ ಮೂಲಗಳ ಪ್ರಕಾರ' ಎಂದು ಶುರುವಾಗಿತ್ತು ಸುದ್ದಿ.

ಸಂಪಾದಕರು ಕರೆದರು: ಗೊತ್ತಿತ್ತೆ?
ಗೊತ್ತಿದ್ದೂ ಬರೆಯದವಳು ಎಂಥ ಪತ್ರಕರ್ತೆ.
ಗೊತ್ತೇ ಇರದವಳು ಎಂಥ ಪತ್ರಕರ್ತೆ.
ಅತ್ತ ದರಿ, ಇತ್ತ ಪುಲಿ,
ನಡುವೆ ಮೋಟುಕಾಲಿನ ಕುರ್ಚಿ.
ಅವನೊಡನೆ ಮಲಗುತ್ತಾಳೆ ಅಂದಿದ್ದ ಬಾಯಿಗಳೇ
ಒಂದಕ್ಷರ ವಾಪಸು ತೆಗೆದುಕೊಳ್ಳದೆ
'ಇವಳೂ ಅಂಥವಳೇ ಇರಬೇಕು' ಅಂದವು.

ಶನಿವಾರ ಅವನು ಆಡಿದ.
ಬಲಗಾಲಲ್ಲಿ ವಿಲ್ಮಾರ್ ಎಂದೂ ಒಡ್ಡನೇ,
ಎಲ್ಲರೂ ಬಲ್ಲ ವಿಷಯ;
ಈಗ ಅದಕ್ಕೊಂದು ಕಾರಣ ಸಿಕ್ಕಿತ್ತು.
ಚೆಂಡು ತಾಗಿದಾಗೆಲ್ಲ ಸೀಟಿ.
ಅರವತ್ತೇಳನೇ ನಿಮಿಷ,
ಎದುರಾಳಿಯ ಒಂಬತ್ತನೇ ಅಂಗಿ ನುಗ್ಗುವ ಗಳಿಗೆಗೆ ಸರಿಯಾಗಿ
ಅರ್ಧ ಹೆಜ್ಜೆ ಮುಂದೆ ಬಂದ.
ಅಷ್ಟೇ.
ಬಾವುಟ ಏರಿತು. ಗೋಲು ಗೋಲಾಗಲಿಲ್ಲ.
ಚಪ್ಪಾಳೆ ಹೊಡೆದವಳು, ಗೇಟಿನ ಹತ್ತಿರ, ಓಫೆಲಿಯಾ ಒಬ್ಬಳೇ.

ಆಟ ಮುಗಿದ ಮೇಲೆ ಇಪ್ಪತ್ತು ಮೈಕು.
ಎಲ್ಲರ ಬಾಯಲ್ಲೂ ಒಂದೇ ಪ್ರಶ್ನೆ, ಬೇರೆ ಬೇರೆ ಪೋಷಾಕಿನಲ್ಲಿ.
ನಾನು ಕೈಯೆತ್ತಿದೆ.
'ಅರವತ್ತೇಳನೇ ನಿಮಿಷ. ಆ ಅರ್ಧ ಹೆಜ್ಜೆ ಯಾಕೆ?'
ಅವನು ಕ್ಯಾಮೆರಾ ಬಿಟ್ಟು ನನ್ನನ್ನು ನೋಡಿದ.
ಓಡುವವನ ಸೊಂಟ ಭುಜಕ್ಕಿಂತ ಮೊದಲು ತಿರುಗುತ್ತದೆ, ಅಂದ,
ಸೊಂಟ ಸುಳ್ಳು ಹೇಳುವುದಿಲ್ಲ, ಅಂದ.
ನಾಲ್ಕು ನಿಮಿಷ ವಿವರಿಸಿದ.
ಮೈಕುಗಳು ಒಂದೊಂದೇ ಆರಿದವು.

ಎರಡು ಪುಟ ಬರೆದೆ. ಹದಿನಾಲ್ಕು ಸಾಲು ಅಚ್ಚಾಯಿತು.
ಕೆಳಗೆ ನನ್ನ ಹೆಸರು ತಪ್ಪಾಗಿ, ನೆಲಿದೊ ಎಂದು,
ಗಂಡಸಿನ ಹೆಸರು.
ಆ ವಾರ ಪೈಸಾಂದೂ ಊರಿನಿಂದ
ನಿವೃತ್ತ ಗೋಲಿಯೊಬ್ಬರ ಕಾಗದ ಬಂತು:
'ಆಟ ಬಲ್ಲವರು ಬರೆದದ್ದನ್ನು ಓದಿ
ಎಷ್ಟು ಕಾಲವಾಗಿತ್ತು, ಮಹನೀಯರೇ.'